ಬೈಗುಳ ಮೂರಕ್ಷರಕ್ಕೆ ಇಳಿದ ಬಗೆ: ಸ್ಪ್ಯಾನಿಷ್‌ನ ಎಚ್‌ಡಿಪಿ, ಎಲ್‌ಪಿಎಂ, ಸಿಟಿಎಂ

2018ರ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಅರ್ಜೆಂಟೀನಾದ ಫುಟ್‌ಬಾಲ್ ಮೈದಾನಗಳಲ್ಲಿ ಒಂದು ಕೂಗು ಹಬ್ಬಿತು. ಒಂದೆರಡು ಕ್ಲಬ್‌ಗಳ ಅಭಿಮಾನಿಗಳು ಶುರು ಮಾಡಿದ್ದು, ಕೆಲವೇ ದಿನಗಳಲ್ಲಿ ಎದುರಾಳಿಗಳ ಬಾಯಿಗೂ ಬಂತು. ಆಮೇಲೆ ಸಬ್‌ವೇಯಲ್ಲೂ ಕೇಳಿಸಿತು, ಸಂಗೀತ ಕಾರ್ಯಕ್ರಮಗಳಲ್ಲೂ ಕೇಳಿಸಿತು. ಆಗಿನ ಅಧ್ಯಕ್ಷ ಮೌರಿಸಿಯೊ ಮಾಕ್ರಿ ಅವರ ಹೆಸರು ಹಿಡಿದು, ಅವರನ್ನು ಹೆತ್ತವಳನ್ನು ಬೈಯುವ ಕೂಗು ಅದು. ಸುದ್ದಿಮನೆಗಳಿಗೆ ಪೀಕಲಾಟ. ಸುದ್ದಿ ಕೊಡಲೇಬೇಕು, ಆದರೆ ಆ ಮಾತನ್ನು ಪೂರ್ತಿ ಅಚ್ಚು ಹಾಕಲು ಮುಜುಗರ. ಟ್ವಿಟರ್‌ನಲ್ಲಿದ್ದ ಜನ ದಾರಿ ತೋರಿಸಿದರು: ಎಂಎಂಎಲ್‌ಪಿಕ್ಯುಟಿಪಿ. ಏಳು ರೋಮನ್ ಅಕ್ಷರ, ಅಷ್ಟೇ. ದೇಶದಲ್ಲಿ ಎಲ್ಲರಿಗೂ ಅರ್ಥವಾಯಿತು. "ಈ ಬೇಸಿಗೆಯ ಹಿಟ್" ಅಂತ ಒಂದು ಅಡ್ಡಹೆಸರೂ ಬಿತ್ತು. ಅಲ್ಲಿ ಫೆಬ್ರುವರಿ ಅಂದರೆ ಬೇಸಿಗೆ.

ಮೊದಲ ಎರಡು ಎಂ ಅಧ್ಯಕ್ಷರ ಹೆಸರು. ಉಳಿದದ್ದು "ಲಾ ಪುತಾ ಕೆ ತೆ ಪಾರಿಯೋ". ಪದಕ್ಕೆ ಪದ ಇಟ್ಟರೆ "ನಿನ್ನನ್ನು ಹೆತ್ತ ಸೂಳೆ". ಕನ್ನಡ ಪತ್ರಿಕೆಗಳು ಇದೇ ಜಾತಿಯ ಬೈಗುಳವನ್ನು "ಸೂ... ಮಗ" ಅಂತ ಚುಕ್ಕಿ ಇಟ್ಟು ಹಾಕುತ್ತವೆ, ಅಲ್ವಾ? ನಾನಿಲ್ಲಿ ಬೇಕಾದ ಕಡೆ ಚುಕ್ಕಿ ಇಡದೆ ಬರೆಯುತ್ತೇನೆ. ಬೈಗುಳದ ಮೇಲೆ ಲೇಖನ ಬರೆದು ಬೈಗುಳವನ್ನೇ ಬಚ್ಚಿಟ್ಟರೆ ಓದುವವರಿಗೆ ಏನು ಸಿಕ್ಕೀತು?

ಮೆಸ್ಸಿಯ ಆಟ ನೋಡುತ್ತಾ ಅರ್ಜೆಂಟೀನಾದವರ ಪೋಸ್ಟ್ ಓದುವವರಿಗೆ ಇಂಥ ಕಿರುರೂಪಗಳ ಪರಿಚಯ ಇದ್ದೇ ಇರುತ್ತದೆ. ಪೆನಾಲ್ಟಿ ತಪ್ಪಿದರೆ "ಲಾ ಪುತಾ ಮಾದ್ರೆ", ಚಿಕ್ಕದಾಗಿ ಎಲ್‌ಪಿಎಂ. ರೆಫರಿಗೆ ಎಚ್‌ಡಿಪಿ. ಚಿಲಿಯವರು ಬರೆದರೆ ಸಿಟಿಎಂ, ಡಬ್ಲ್ಯುಎನ್. ಮೆಕ್ಸಿಕೊದವರಾದರೆ ಎಎಲ್‌ವಿ, ಎನ್‌ಎಂಎಂಎಸ್. ಕೊನೆಯದು "ನೊ ಮಾಮೆಸ್", "ಬಿಡೋ ಸುಮ್ನೆ" ಅನ್ನುವ ಹಾಗೆ. ಇವೆಲ್ಲ ಮೊಬೈಲ್ ಕಾಲದ ಹುಡುಗಾಟ ಅನ್ನುವುದು ಸಾಮಾನ್ಯ ಅಭಿಪ್ರಾಯ. ನನಗೆ ಹಾಗೆ ಅನ್ನಿಸುವುದಿಲ್ಲ. ಮೊಬೈಲ್ ಕೊಟ್ಟಿದ್ದು ಅಕ್ಷರ ಮಾತ್ರ. ಬೈಗುಳವನ್ನು ಒತ್ತಿ ಕಿರಿದು ಮಾಡುವ ಅಭ್ಯಾಸ ಸ್ಪ್ಯಾನಿಷ್ ನಾಲಿಗೆಗೆ ನಾನೂರು ವರ್ಷಕ್ಕಿಂತ ಹಿಂದೆಯೇ ಇತ್ತು. ಮತ್ತೆ, ಬೈಗುಳ ಕಿರಿದಾದ ಹಾಗೆಲ್ಲ ಅದರ ಖಾರ ಇಳಿದು ಕೆಲಸವೇ ಬದಲಾಗುತ್ತದೆ. ಇದು "ದೋನ್ ಕಿಹೋತೆ" (ಡಾನ್ ಕ್ವಿಕ್ಸೋಟ್) ಕಾದಂಬರಿ ಬರೆದ ಸೆರ್ವಾಂಟಿಸ್‌ಗೂ ಗೊತ್ತಿತ್ತು.

ಕುಲೀನನೂ ಬೈಗುಳವೂ ಒಂದೇ ಅಚ್ಚಿನಲ್ಲಿ

ಸ್ಪ್ಯಾನಿಷ್‌ನಲ್ಲಿ ಮಗನಿಗೆ "ಇಹೊ" ಅನ್ನುತ್ತಾರೆ. ಬರೆಯುವಾಗ ಮೊದಲಿಗೆ ಎಚ್ ಇರುತ್ತದೆ, ಆದರೆ ಉಚ್ಚಾರ ಇಲ್ಲ. ಹಳೆಯ ಸ್ಪ್ಯಾನಿಷ್‌ನಲ್ಲಿ ಅದು "ಫಿಜೊ" ಆಗಿತ್ತು. "ಫಿಜೊ ದಾಲ್ಗೊ" ಅಂದರೆ "ಏನೋ ಸ್ವಲ್ಪ ಉಳ್ಳವನ ಮಗ". ಇದು ಬಾಯಿಂದ ಬಾಯಿಗೆ ಸವೆದು "ಇದಾಲ್ಗೊ" ಆಯಿತು. ಕೆಳದರ್ಜೆಯ ಕುಲೀನರಿಗೆ ಅದೇ ಹೆಸರು ನಿಂತಿತು. ದೋನ್ ಕಿಹೋತೆ ಕೂಡ ಒಬ್ಬ ಇದಾಲ್ಗೊ. 1605ರ ಮೊದಲ ಭಾಗದ ಹೆಸರಲ್ಲೇ ಆ ಪದ ಇದೆ.

ಇದೇ ಅಚ್ಚಿನಲ್ಲಿ ಇನ್ನೊಂದು ಪದ ಬಿತ್ತು. "ಇಹೊ ದೆ ಪುತಾ", ಅಂದರೆ ಸೂಳೆಮಗ (ಇವತ್ತಿನ ಎಚ್‌ಡಿಪಿ), ಸವೆದು "ಇದೆಪುತಾ" ಆಯಿತು. ಮೂರು ಪದ ಸೇರಿ ಒಂದೇ ಪದ. ಮರ್ಯಾದೆಯ ಬಿರುದು, ಮರ್ಯಾದೆ ತೆಗೆಯುವ ಮಾತು, ಎರಡೂ ಒಂದೇ ರೀತಿ ಕಿರಿದಾದವು.

1615ರಲ್ಲಿ ಬಂದ ಎರಡನೆಯ ಭಾಗದ 13ನೇ ಅಧ್ಯಾಯದಲ್ಲಿ ಈ ಪದದ ಮೇಲೆ ಒಂದು ಸೊಗಸಾದ ಜಗಳ ಇದೆ. ಕಾಡಿನಲ್ಲಿ ರಾತ್ರಿ ಇಬ್ಬರು ಸೇವಕರು ಹರಟುತ್ತಾ ಕೂತಿದ್ದಾರೆ. ಅವರಲ್ಲಿ ದೋನ್ ಕಿಹೋತೆಯ ಸೇವಕ ಸಾಂಚೊ ತನ್ನ ಮಗಳು ಎಷ್ಟು ಗಟ್ಟಿಮುಟ್ಟು ಅಂತ ಹೇಳಿಕೊಳ್ಳುತ್ತಾನೆ. ಇನ್ನೊಬ್ಬ ಮೆಚ್ಚಿ "ಆಹಾ, ಇದೆಪುತಾ" ಅಂದುಬಿಡುತ್ತಾನೆ. ಸಾಂಚೊಗೆ ಸಿಟ್ಟು ಬರುತ್ತದೆ. ಅವಳೂ ಅಂಥವಳಲ್ಲ, ಅವಳ ತಾಯಿಯೂ ಅಂಥವಳಲ್ಲ ಅನ್ನುತ್ತಾನೆ. ಆಗ ಇನ್ನೊಬ್ಬ ಸಮಜಾಯಿಷಿ ಕೊಡುತ್ತಾನೆ: ಅಯ್ಯಾ, ಗೂಳಿಗೆ ಯಾರಾದರೂ ಭೇಷಾಗಿ ಈಟಿ ಹೊಡೆದಾಗ ಜನ ಹೀಗೇ ತಾನೇ ಕೂಗುವುದು? ಅದು ಹೊಗಳಿಕೆ! ಸ್ವಲ್ಪ ಹೊತ್ತಿನ ಮೇಲೆ ಸಾಂಚೊ ಅವನ ಚರ್ಮದ ಚೀಲದಿಂದ ವೈನ್ ಕುಡಿಯುತ್ತಾನೆ. ಕುಡಿದು ಮುಗಿಸಿದ ಕೂಡಲೇ ಅವನ ಬಾಯಿಂದಲೂ ಅದೇ ಪದ ಹೊರಡುತ್ತದೆ. "ನೋಡಿದೆಯಾ, ವೈನ್ ಹೊಗಳಲು ನೀನೂ ಅದನ್ನೇ ಅಂದೆ" ಅಂತ ಇನ್ನೊಬ್ಬ ಹಿಡಿದು ಹಾಕುತ್ತಾನೆ. ಮಂಡ್ಯದ ಕಡೆ ಗೆಳೆಯನ ಹೆಗಲು ತಟ್ಟಿ "ಬೋಳಿಮಗನೆ" ಅನ್ನುವುದನ್ನು ಕೇಳಿದವರಿಗೆ ಈ ಅಧ್ಯಾಯ ವಿವರಿಸಬೇಕಾಗಿಲ್ಲ.

ಆದರೆ ಅದೇ ಬೇರಿನ ಪದಕ್ಕೆ ಕಾನೂನಿನಲ್ಲಿ ಬೆಲೆ ಕಟ್ಟಿದ್ದ ಕಾಲವೂ ಇತ್ತು. ಕಾಸ್ತೀಲ್‌ನ ರಾಜ ಹತ್ತನೆಯ ಅಲ್ಫೊನ್ಸೊನ ಕಾಲದ, 1255ರ ಸುಮಾರಿನ ಕಾನೂನು ಸಂಹಿತೆಯಲ್ಲಿ ಒಂದು ಪಟ್ಟಿ ಇದೆ. ಇನ್ನೊಬ್ಬನನ್ನು ಕುಷ್ಠರೋಗಿ, ದ್ರೋಹಿ, ಧರ್ಮಭ್ರಷ್ಟ, ಹೆಂಡತಿ ಕೈತಪ್ಪಿದವನು, ಗಂಡಸರ ಸಂಗ ಮಾಡುವವನು ಅನ್ನುವುದು ಅಪರಾಧ. ಮದುವೆಯಾದ ಹೆಂಗಸನ್ನು "ಪುತಾ" ಅನ್ನುವುದೂ ಅಪರಾಧ. ಅಂದವನು ನ್ಯಾಯಾಧಿಕಾರಿಯ ಮುಂದೆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು, 300 ಸುವೆಲ್ದೊ ದಂಡ ಕಟ್ಟಬೇಕು. ನೇರವಾಗಿ, ಪೂರ್ತಿಯಾಗಿ, ಮುಖಕ್ಕೆ ಅಂದರೆ ದಂಡ. ಒತ್ತಿ ಕಿರಿದು ಮಾಡಿ ಉದ್ಗಾರದ ಹಾಗೆ ಬಿಟ್ಟರೆ ಹೊಗಳಿಕೆ. ಈ ಎರಡು ತುದಿಗಳ ನಡುವೆಯೇ ಮುಂದಿನ ಕಥೆಯೆಲ್ಲ ಓಡಾಡುತ್ತದೆ.

ಇದೆಪುತಾ ಈಗ ಹಳೆಯ ಪುಸ್ತಕದ ಮಾತು. ಆದರೆ ಸವೆಯುವ ಕೆಲಸ ನಿಂತಿಲ್ಲ. ಕೊಲಂಬಿಯಾದಲ್ಲಿ "ಇಹುಎಪುತಾ", ಕೋಸ್ಟರಿಕಾದಲ್ಲಿ ಮೊದಲ ಸ್ವರವೂ ಉದುರಿ "ಹುಎಪುತಾ". ಚಿಲಿಯಲ್ಲಿ "ಕೋಂಚಾ ದೆ ತು ಮಾದ್ರೆ" ಅನ್ನುವ ನಾಲ್ಕು ಪದದ ಬೈಗುಳ "ಕೋಂಚೆತುಮಾರೆ" ಆಗಿದೆ. ಅರ್ಥ, ನಿನ್ನ ತಾಯಿಯ ಯೋನಿ. ಸಿಟಿಎಂ ಹುಟ್ಟಿದ್ದು ಇಲ್ಲಿಂದ. ಅಂದರೆ ಯಾರೋ ಕೀಲಿಮಣೆಯ ಮುಂದೆ ಕೂತು ಉದ್ದದ ವಾಕ್ಯವನ್ನು ಮೂರಕ್ಷರಕ್ಕೆ ಕತ್ತರಿಸಿದ್ದಲ್ಲ. ಬಾಯಲ್ಲಿ ಅದು ಮೊದಲೇ ಒಂದು ಉಂಡೆಯಾಗಿತ್ತು. ಕೊಲಂಬಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಆಚೆ ಪೆ" ಅಂತ ಬಾಯಲ್ಲೇ ಅಕ್ಷರ ಹೇಳಿ ಬೈಯುತ್ತಾರೆ. ಎಚ್‌ಗೆ ಸ್ಪ್ಯಾನಿಷ್ ಹೆಸರು ಆಚೆ, ಪಿಗೆ ಪೆ. ಕಂಪ್ಯೂಟರ್ ಮೇಲೆ ಕಾಣುವ ಎಚ್‌ಪಿ ಗುರುತು ಅಲ್ಲಿ ಎಷ್ಟು ಜೋಕಿಗೆ ಕಾರಣವಾಗಿರಬಹುದು ಅಂತ ನೀವೇ ಊಹಿಸಿಕೊಳ್ಳಿ.

ಮರ್ಯಾದೆಗೂ ಅಕ್ಷರ ಸರಪಳಿಯೇ ಇತ್ತು. ಹಳೆಯ ಸ್ಪ್ಯಾನಿಷ್ ಪತ್ರಗಳ ಕೊನೆಯಲ್ಲಿ "ಎಸ್.ಎಸ್.ಎಸ್. ಕ್ಯು.ಬಿ.ಎಸ್.ಎಂ." ಅಂತ ಬರೆಯುತ್ತಿದ್ದರು. "ತಮ್ಮ ಕೈಗೆ ಮುತ್ತಿಡುವ, ತಮ್ಮ ನಂಬಿಕೆಯ ಸೇವಕ" ಅಂತ ಅರ್ಥ. ಸತ್ತವರ ಹೆಸರಿನ ಮುಂದೆ ಇವತ್ತಿಗೂ "ಕ್ಯು.ಇ.ಪಿ.ಡಿ." ಬರುತ್ತದೆ, ಶಾಂತಿಯಿಂದ ಮಲಗಲಿ ಅಂತ. "ತಾವು" ಅನ್ನುವುದಕ್ಕಿರುವ "ಉಸ್ತೆದ್" ಕೂಡ "ತಮ್ಮ ದಯೆ" ಅನ್ನುವ ಎರಡು ಪದ ಸವೆದು ಆದದ್ದು, ಬರವಣಿಗೆಯಲ್ಲಿ ಅದೂ ಎರಡಕ್ಷರವೇ. ಎಲ್ಲರಿಗೂ ಬಾಯಿಪಾಠ ಆಗಿರುವ ವಾಕ್ಯವನ್ನು ಪೂರ್ತಿ ಬರೆಯಬೇಕಾಗಿಲ್ಲ. ಕೈಗೆ ಮುತ್ತಿಡುವ ಮಾತು ಹಾಗೆ ಬಾಯಿಪಾಠ ಆಗಿತ್ತು. ತಾಯಿಯನ್ನು ಬೈಯುವ ಮಾತೂ ಹಾಗೇ. ಲಾ ಪುತಾ ಕೆ ತೆ ಪಾರಿಯೋದಲ್ಲಿರುವ "ಕೆ" ಮತ್ತು ಆ ಪತ್ರದ ಕೊನೆಯ "ಕೆ" ಎರಡೂ ಒಂದೇ ಪದ, ಎರಡಕ್ಕೂ ಕ್ಯು ಅಕ್ಷರವೇ.

ಅರ್ಧದಲ್ಲಿ ತಿರುಗುವ ನಾಲಿಗೆ

ಕಿರಿದು ಮಾಡುವುದರ ಜೊತೆಗೇ ಬೆಳೆದದ್ದು ಮುಚ್ಚಿಡುವ ಕಲೆ. ಪದ ಅರ್ಧ ಬಾಯಿಗೆ ಬಂದಾಗ ಮಕ್ಕಳೋ ಪಾದ್ರಿಯೋ ಕಂಡರೆ ಉಳಿದರ್ಧವನ್ನು ಬದಲಾಯಿಸುವುದು. "ಮಿಯೆರ್ದಾ" ಅಂದರೆ ಹೇಲು. ಅದನ್ನು ಶುರು ಮಾಡಿ "ಮಿಯೆರ್ಕೊಲೆಸ್" ಅಂತ ಮುಗಿಸಿದರೆ ಬುಧವಾರ! "ಪುತಾ" ಅರ್ಧದಲ್ಲಿ ತಿರುಗಿ "ಪುಚಾ" ಆಗುತ್ತದೆ. ಪುರುಷಾಂಗಕ್ಕಿದ್ದ ಒರಟು ಪದ "ಕಾರಾಹೊ" ತಿರುಗಿ "ಕಾರಾಂಬಾ" ಆಗುತ್ತದೆ. ಹೌದು, ಟಿವಿ ಕಾರ್ಟೂನಿನಲ್ಲಿ ಬಾರ್ಟ್ ಸಿಂಪ್ಸನ್ ಹೇಳುವ "ಆಯ್ ಕಾರಾಂಬಾ"ದ ಮೂಲ ಅದೇ. ಮೆಕ್ಸಿಕೊದಲ್ಲಿ ಇನ್ನೂ ಮಜಾ. "ಚಿಂಗಾರ್" ಅನ್ನುವ ಕ್ರಿಯಾಪದದ ಸುತ್ತ ಅಲ್ಲಿ ನೂರೆಂಟು ಬೈಗುಳ ಇವೆ. ಮೂಲ ಅರ್ಥ ಬಲಾತ್ಕಾರದ ಸಂಭೋಗಕ್ಕೆ ಹತ್ತಿರ. ಆ ಪದವನ್ನು "ಚಿನ್!" ಅಂತ ಒಂದೇ ಅಕ್ಷರಕ್ಕೆ ನಿಲ್ಲಿಸಬಹುದು, ಇಲ್ಲದಿದ್ದರೆ ತಿರುಗಿಸಿ ಒಂದು ಇಡೀ ರಾಜ್ಯದ ಹೆಸರು ಹೇಳಬಹುದು: "ಆಯ್ ಚಿವಾವಾ!"

ಸ್ಪೇನ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತು. ಅಲ್ಲಿನ ಬೈಗುಳದಲ್ಲಿ ದೇವರು, ಪ್ರಸಾದ, ಮಾತೆ ಮೇರಿ ಎಲ್ಲ ಬಂದುಹೋಗುತ್ತಾರೆ. "ಮೆ ಕಾಗೊ ಎನ್" ಅಂದರೆ "ನಾನು ಹೇಲುತ್ತೇನೆ, ಇದರ ಮೇಲೆ". ಯಾವುದರ ಮೇಲೆ ಅನ್ನುವುದು ಕೋಪದ ಮಟ್ಟಕ್ಕೆ ಬಿಟ್ಟದ್ದು. ದೇವರು, ಅಂದರೆ "ದಿಯೋಸ್", ಅನ್ನಲು ಹೆದರಿ "ದಿಯೆಸ್", ಅಂದರೆ ಹತ್ತು, ಅನ್ನುತ್ತಾರೆ. ಹತ್ತರ ಮೇಲೆ! ಪ್ರಸಾದದ ರೊಟ್ಟಿ "ಓಸ್ತಿಯಾ" ಜಾಗದಲ್ಲಿ ಸಮುದ್ರದ ಚಿಪ್ಪುಜೀವಿ "ಓಸ್ತ್ರಾಸ್". ದೈವನಿಂದೆ ಸ್ಪೇನ್‌ನ ದಂಡ ಸಂಹಿತೆಯಲ್ಲಿ 1988ರವರೆಗೂ ಅಪರಾಧವಾಗಿತ್ತು. ಹಾಗಾಗಿ ಈ ತಿರುವು ಬರೀ ನಾಚಿಕೆಗಾಗಿ ಬಂದದ್ದಲ್ಲ. ಮೂರು ಪದ ಅಂಟಿಕೊಂಡು "ಮೆಕಾಗ್ವೆನ್" ಅಂತ ಒಂದೇ ಉಸಿರು ಆದದ್ದೂ ಇದೇ ದಾರಿಯಲ್ಲಿ. ಕ್ಯೂಬಾದಲ್ಲಿ, ಕ್ಯಾನರಿ ದ್ವೀಪಗಳಲ್ಲಿ "ಕೋನ್ಯೊ" ಅನ್ನುವ ಯೋನಿವಾಚಕದ ತಲೆಯೇ ಹೋಗಿ "ನ್ಯೊ!" ಉಳಿದಿದೆ.

ಮೆಕ್ಸಿಕೊದವರು ಅಕ್ಷರವನ್ನೂ ಬಿಟ್ಟು ಬೈಯಬಲ್ಲರು. "ಚಿಂಗಾ ತು ಮಾದ್ರೆ" ಅನ್ನುವುದರಲ್ಲಿ ಉಚ್ಚಾರದ ಐದು ತುಂಡು ಇವೆ: ಚಿಂ, ಗಾ, ತು, ಮಾ, ದ್ರೆ. ಕಾರಿನ ಹಾರ್ನ್ ಅನ್ನು ಅದೇ ಲಯದಲ್ಲಿ ಐದು ಸಲ ಒತ್ತಿದರೆ ಮುಂದಿನ ಕಾರಿನವನಿಗೆ ತನ್ನ ತಾಯಿಯ ನೆನಪು ಬರುತ್ತದೆ. ಶಿಳ್ಳೆಯಲ್ಲೂ ಆಗುತ್ತದೆ. ಇಂಗ್ಲಿಷ್ ಲೋಕದಲ್ಲಿ ಬಾಗಿಲು ಬಡಿಯಲು ಬಳಸುವ ಏಳು ಬಡಿತದ ತಮಾಷೆಯ ರಾಗ ಒಂದಿದೆ. ಅದಕ್ಕೆ ಆ ಐದು ತುಂಡು, ಜೊತೆಗೆ "ಕಾಬ್ರೋನ್" ಅನ್ನುವ ಇನ್ನೊಂದು ಬೈಗುಳದ ಎರಡು ತುಂಡು ಸರಿಯಾಗಿ ಕೂತುಬಿಡುತ್ತವೆ. ಹಾಗಾಗಿ ಮೆಕ್ಸಿಕೊದಲ್ಲಿ ಯಾರ ಮನೆ ಬಾಗಿಲನ್ನೂ ಆ ಲಯದಲ್ಲಿ ಬಡಿಯಬೇಡಿ.

ಇಂಟರ್‌ನೆಟ್‌ಗೆ ಬಹಳ ಮುಂಚೆಯೇ ಮೆಕ್ಸಿಕೊದಲ್ಲಿ ಅಕ್ಷರಗಳ ಆಟ ಇತ್ತು ಅನ್ನುವುದಕ್ಕೆ ಒಂದು ಸಿನಿಮಾ ಸಾಕ್ಷಿ. 1951ರಲ್ಲಿ ಪೆದ್ರೊ ಇನ್ಫಾಂತೆ ನಟಿಸಿದ, ಮೋಟಾರ್‌ಸೈಕಲ್ ಪೊಲೀಸರ ಚಿತ್ರವೊಂದು ಬಂತು. ಅದರ ಹೆಸರು ಎ.ಟಿ.ಎಂ. ಪೋಸ್ಟರ್ ಪ್ರಕಾರ ಅದು "ಆ ತೋದಾ ಮಾಕಿನಾ", ಪೂರ್ತಿ ವೇಗದಲ್ಲಿ ಅಂತ. ಆದರೆ ಅದೇ ಮೂರಕ್ಷರಕ್ಕೆ ಬೀದಿಯಲ್ಲಿ ಬೇರೆ ಮಾತು ಇತ್ತು: "ಆ ತೋದಾ ಮಾದ್ರೆ". ಅಂದರೆ ಸೂಪರ್, ಬೊಂಬಾಟ್, ಆದರೆ ಅಮ್ಮನನ್ನು ಎಳೆದು ತಂದ ಬೊಂಬಾಟ್. ಅಕ್ಷರಗಳ ದೊಡ್ಡ ಅನುಕೂಲವೇ ಇದು. ಯಾರಾದರೂ ಕೇಳಿದರೆ ತೋರಿಸಲು ಒಂದು ಮಡಿಯ ಅರ್ಥ ಯಾವಾಗಲೂ ಸಿದ್ಧ ಇರುತ್ತದೆ.

160 ಅಕ್ಷರದ ಲೆಕ್ಕ

ಹೀಗೆ ನೆಲ ಹದವಾಗಿದ್ದಾಗ ಎಸ್ಎಂಎಸ್ ಬಂತು. ಒಂದು ಸಂದೇಶಕ್ಕೆ 160 ಅಕ್ಷರ, ಪ್ರತಿ ಸಂದೇಶಕ್ಕೂ ದುಡ್ಡು. ಸ್ಪ್ಯಾನಿಷ್‌ಗೆ ಇದರಲ್ಲಿ ಒಂದು ವಿಚಿತ್ರ ತೊಂದರೆ ಇತ್ತು. ಎಸ್ಎಂಎಸ್‌ನ ಮೂಲ ಅಕ್ಷರಪಟ್ಟಿಯಲ್ಲಿ ಸ್ಪ್ಯಾನಿಷ್‌ನ ಟೋಪಿ ಹಾಕಿದ ಎನ್ ಇತ್ತು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಇತ್ತು, ಗೀಟು ಇರುವ ಇ ಕೂಡ ಇತ್ತು. ಆದರೆ ಎ, ಐ, ಒ, ಯು ಮೇಲೆ ಸ್ಪ್ಯಾನಿಷ್‌ಗೆ ಬೇಕಾದ ದಿಕ್ಕಿನ ಗೀಟು ಇರಲಿಲ್ಲ. ಉಲ್ಟಾ ದಿಕ್ಕಿನದು ಇತ್ತು! ಸರಿಯಾದ ಗೀಟು ಒಂದೇ ಒಂದು ಬಿದ್ದರೂ ಸಂದೇಶ ಯುನಿಕೋಡ್‌ಗೆ ಜಿಗಿದು ಮಿತಿ 70ಕ್ಕೆ ಇಳಿಯುತ್ತಿತ್ತು. ಕನ್ನಡದಲ್ಲಿ ಎಸ್ಎಂಎಸ್ ಕಳಿಸಿದವರಿಗೆ ಈ 70ರ ಸಂಕಟ ಗೊತ್ತು. ನಮ್ಮದು ಮೊದಲ ಅಕ್ಷರದಿಂದಲೇ 70. ಸ್ಪ್ಯಾನಿಷ್ ಹುಡುಗರು ಗೀಟು ಬಿಟ್ಟರು, ಆಮೇಲೆ ಸ್ವರ ಬಿಟ್ಟರು, ಆಮೇಲೆ ಪದವನ್ನೇ ಬಿಟ್ಟರು.

ಸ್ವರ ಬಿಡಲು ಸ್ಪ್ಯಾನಿಷ್ ಹೇಳಿ ಮಾಡಿಸಿದ ಭಾಷೆ. ಸ್ವರ ಐದೇ, ಅವುಗಳ ಉಚ್ಚಾರ ಎಲ್ಲ ಕಡೆ ಒಂದೇ. ಜೊತೆಗೆ ವ್ಯಂಜನಗಳ ಹೆಸರಿನಲ್ಲೇ ಸ್ವರ ಅಡಗಿದೆ: ಟಿ ಅಕ್ಷರದ ಹೆಸರು "ತೆ", ಡಿ "ದೆ", ಪಿ "ಪೆ", ಕ್ಯು "ಕು". "ತೆ" ಅಂದರೆ ನಿನ್ನನ್ನು, "ದೆ" ಅಂದರೆ ಷಷ್ಠಿ ವಿಭಕ್ತಿಯ ಕೆಲಸ. ಹಾಗಾಗಿ ಒಂದೊಂದು ಅಕ್ಷರವೇ ಒಂದು ಪದ. ಗುಣಾಕಾರದ ಚಿಹ್ನೆಯನ್ನು ಸ್ಪ್ಯಾನಿಷ್‌ನಲ್ಲಿ "ಪೋರ್" ಅನ್ನುತ್ತಾರೆ. ಅದಕ್ಕೇ "ಪೋರ್ಕೆ", ಅಂದರೆ ಯಾಕೆ, ಬರೆಯಲು ಎಕ್ಸ್ ಮತ್ತು ಕ್ಯು ಸಾಕು. ಇದೇ ಜಾಣತನ ಬೈಗುಳಕ್ಕೂ ಬಂತು. ಚಿಲಿಯಲ್ಲಿ ದಿನಕ್ಕೆ ನೂರು ಸಲ ಕೇಳುವ "ಕುಲಿಯಾವೊ", ಕುಂಡೆಯ ಪದದಿಂದ ಹುಟ್ಟಿದ ಬೈಗುಳ, ಬರವಣಿಗೆಯಲ್ಲಿ ಕ್ಯುಎಲ್. ಕ್ಯು ಅಕ್ಷರದ ಹೆಸರೇ "ಕು" ಆದ್ದರಿಂದ ಅರ್ಧ ಪದ ಪುಕ್ಕಟೆ ಸಿಕ್ಕಿತು.

ಕನ್ನಡ ಲಿಪಿಯಲ್ಲಿ ಈ ಆಟ ನಡೆಯುವುದು ಕಷ್ಟ. ನಮ್ಮ ಕಾಗುಣಿತದಲ್ಲಿ ಸ್ವರ ವ್ಯಂಜನದ ಮೈಗೇ ಅಂಟಿರುತ್ತದೆ. "ಸೂ" ಬರೆದು ಚುಕ್ಕಿ ಇಟ್ಟರೂ ದೀರ್ಘ ಎದ್ದು ಕಾಣುತ್ತದೆ, ಯಾವ ಪದ ಅಂತ ಮಗುವಿಗೂ ತಿಳಿಯುತ್ತದೆ. ರೋಮನ್‌ನಲ್ಲಿ ಬೈಯುವ ಕನ್ನಡಿಗರು ಯಾಕೆ ಜಾಸ್ತಿ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಗುಮಾನಿ.

ಡಬ್ಲ್ಯು ಅಕ್ಷರದ ಕಥೆ ಸ್ವಲ್ಪ ಬೇರೆ. ಸ್ಪ್ಯಾನಿಷ್‌ನಲ್ಲಿ ಅದು ಅಪರೂಪ, ಬರುವುದೆಲ್ಲ ಬೇರೆ ಭಾಷೆಯ ಪದಗಳಲ್ಲಿ. ಆದರೆ ಮೊಟ್ಟೆಗೆ "ವೆವೊ" ಅನ್ನುವ ಪದ ಇದೆ, ಬರೆಯುವಾಗ ಎಚ್, ಯು, ಇ ಎಲ್ಲ ಬೇಕು. ಮೊಟ್ಟೆ ಅಂದರೆ ವೃಷಣವೂ ಹೌದು. ದೊಡ್ಡ ಮೊಟ್ಟೆಯವನು "ವೆವೋನ್", ಅಂದರೆ ದಡ್ಡ, ಮಂಕ. ಚಿಲಿಯವರು ನಡುವಿನ ವ್ಯಂಜನ ನುಂಗಿ "ವೆಓನ್" ಮಾಡಿದರು. ಅದನ್ನು ಕೇಳಿಸಿದ ಹಾಗೇ ಬರೆಯಲು ಡಬ್ಲ್ಯು ಸಿಕ್ಕಿತು. ಕೊನೆಗೆ ಉಳಿದದ್ದು ಡಬ್ಲ್ಯುಎನ್. 2007-08ರ ಸುಮಾರಿಗೆ ಫೋಟೊಲಾಗ್ ಅನ್ನುವ ತಾಣ ಚಿಲಿಯ ಹದಿಹರೆಯದವರ ಹುಚ್ಚಾಗಿತ್ತು. ಇಂಥ ಬರವಣಿಗೆ ಕೈಗೆ ಕೂತದ್ದು ಅಂಥ ಜಾಗಗಳಲ್ಲಿ. ಮೆಕ್ಸಿಕೊದ "ವೇ" ಕೂಡ ಇದರ ಸೋದರಸಂಬಂಧಿ. ಎತ್ತಿಗೆ "ಬುಎಯ್" ಅನ್ನುತ್ತಾರೆ, ಬೀಜ ಒಡೆದ ಹೋರಿ. ಅದು "ಗ್ವೇ" ಆಗಿ, "ವೇ" ಆಗಿ, ಈಗ ಬರೀ "ವೆ". ಮೊದಲು ಪೆದ್ದ ಅನ್ನುವ ಅರ್ಥ, ಈಗ "ಮಗಾ", "ಗುರೂ" ಅನ್ನುವ ಅರ್ಥ.

ಎಸ್ಎಂಎಸ್ ಮುಗಿಯಿತು, ಅಕ್ಷರಕ್ಕೆ ದುಡ್ಡು ಕೊಡುವ ಕಾಲವೂ ಮುಗಿಯಿತು. ಟ್ವಿಟರ್‌ನ 140ರ ಮಿತಿ 2017ರಲ್ಲಿ 280 ಆಯಿತು. ಆದರೂ ಕಿರುರೂಪ ಹೋಗಲಿಲ್ಲ. ಹೊಸ ಕಾರಣ ಬಂದಿತ್ತು. ಈಗ ಓದುವುದು ಯಂತ್ರ. ಪೂರ್ತಿ ಪದ ಕಂಡರೆ ಫಿಲ್ಟರ್ ಹಿಡಿಯುತ್ತದೆ, ಪೋಸ್ಟ್ ಅಡಗುತ್ತದೆ. "ವೆರ್ಗಾ" ಬದಲು ವಿಆರ್‌ಜಿ ಅಂತ ಬರೆದರೆ ಮನುಷ್ಯನಿಗೆ ತಿಳಿಯುತ್ತದೆ, ಯಂತ್ರಕ್ಕೆ ಗೊಂದಲ. ಸಿನಿಮಾದವರು ಪೋಸ್ಟರ್‌ನಲ್ಲಿ ಮಾಡಿದ್ದೂ ಇದೇ ಅಲ್ವಾ?

ವೆರ್ಗಾ ಅಂದರೆ ಪುರುಷಾಂಗ. ಹಡಗಿನ ಹಾಯಿ ಕಟ್ಟುವ ಅಡ್ಡಮರಕ್ಕೂ ಅದೇ ಹೆಸರು, ಲ್ಯಾಟಿನ್‌ನ ಕೋಲು ಅನ್ನುವ ಪದದಿಂದ ಬಂದದ್ದು. ಎಎಲ್‌ವಿ, ಅಂದರೆ "ಆ ಲಾ ವೆರ್ಗಾ", ಹುಟ್ಟಿದ್ದು ನಾವಿಕರನ್ನು ಶಿಕ್ಷೆಗೆ ಆ ಮರದ ಮೇಲೆ ಕಳಿಸುತ್ತಿದ್ದರಿಂದ ಅಂತ ಒಂದು ಕಥೆ ಓಡಾಡುತ್ತಿದೆ. "ಕಾರಾಹೊ" ಬಗ್ಗೆಯೂ ಇಂಥದ್ದೇ ಕಥೆ: ಅದು ಹಡಗಿನ ಕಂಬದ ತುದಿಯ ಕಾವಲು ಬುಟ್ಟಿಯಂತೆ, ತಪ್ಪು ಮಾಡಿದವರನ್ನು ಅಲ್ಲಿಗೆ ಅಟ್ಟುತ್ತಿದ್ದರಂತೆ. ಕೇಳಲು ಚೆನ್ನಾಗಿದೆ. ಆದರೆ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟಿನಲ್ಲಿ ಕಾರಾಹೊಗೆ ಮೊದಲ ಅರ್ಥ ಪುರುಷಾಂಗವೇ, ಮೂಲ ಅನಿಶ್ಚಿತ ಅಂತ ಬರೆದಿದೆ. ಇದರ ಸೋದರ ಪದ 13ನೇ ಶತಮಾನದ ಗಲೀಸಿಯನ್-ಪೋರ್ಚುಗೀಸ್ ಲೇವಡಿ ಪದ್ಯಗಳಲ್ಲೇ ಅದೇ ಅಂಗದ ಅರ್ಥದಲ್ಲಿ ಸಿಗುತ್ತದೆ, ದೊಡ್ಡ ಸಮುದ್ರಯಾನಗಳಿಗೆ ಬಹಳ ಮುಂಚೆ. ಬೈಗುಳಕ್ಕೆ ಮಡಿ ಉಡಿಸುವ ಇಂಥ ಹಡಗಿನ ಕಥೆಗಳನ್ನು ನಾನು ನಂಬುವುದಿಲ್ಲ.

ಅಮ್ಮ ಎಲ್ಲಿ ಹೋದಳು?

ಕಿರಿದಾದ ಮೇಲೆ ಆಗುವ ದೊಡ್ಡ ಬದಲಾವಣೆ ಅಂದರೆ ಅರ್ಥ ಖಾಲಿಯಾಗುವುದು. ಬಸ್ ತಪ್ಪಿಸಿಕೊಂಡ ಅರ್ಜೆಂಟೀನಾದವಳು ಎಲ್‌ಪಿಎಂ ಅಂತ ಬರೆದಾಗ ಯಾರ ತಾಯಿಯೂ ಅಲ್ಲಿಲ್ಲ. ಮೆಕ್ಸಿಕೊದವರು "ಚಳಿ ಇದೆ ಎಎಲ್‌ವಿ" ಅಂದರೆ ಸಿಕ್ಕಾಪಟ್ಟೆ ಚಳಿ ಅಂತಷ್ಟೇ. ಚಿಲಿಯ ಗೆಳೆಯರ ಚಾಟ್‌ನಲ್ಲಿ ಡಬ್ಲ್ಯುಎನ್ ಅಲ್ಪವಿರಾಮದ ಹಾಗೆ ವಾಕ್ಯ ವಾಕ್ಯಕ್ಕೂ ಬೀಳುತ್ತದೆ. ಕವಿ ಹುವಾನ್ ಹೆಲ್ಮನ್ ಅವರನ್ನು 2013ರಲ್ಲಿ ಅರ್ಜೆಂಟೀನಾದ ಸ್ಪ್ಯಾನಿಷ್ ಅನ್ನು ಒಂದೇ ಪದದಲ್ಲಿ ಹೇಳಿ ಅಂದಾಗ ಅವರು ಆರಿಸಿಕೊಂಡದ್ದು "ಬೊಲುದೊ". ಅದೂ ವೃಷಣದ ಪದವೇ, ಅದೂ ಪೆದ್ದನಿಂದ ಗೆಳೆಯನಿಗೆ ಬಂದದ್ದೇ. ಸ್ಪೇನ್‌ನಲ್ಲಿ ಡಿಪಿಎಂ, "ದೆ ಪುತಾ ಮಾದ್ರೆ", ಅಂದರೆ ಊಟ ಅದ್ಭುತವಾಗಿತ್ತು, ಸಿನಿಮಾ ಅದ್ಭುತವಾಗಿತ್ತು. ಸಾಂಚೊನ ವೈನ್ ಇನ್ನೂ ಖಾಲಿಯಾಗಿಲ್ಲ ಅನ್ನಿ.

ಎಲ್ಲವೂ ಹೀಗೆ ಹಲ್ಲು ಉದುರಿಸಿಕೊಳ್ಳುವುದಿಲ್ಲ. 2009ರ ಅಕ್ಟೋಬರ್ 14ರಂದು ಮೊಂತೆವಿದೆಯೊದಲ್ಲಿ ಅರ್ಜೆಂಟೀನಾ ಉರುಗ್ವೆಯನ್ನು 1-0ರಿಂದ ಸೋಲಿಸಿ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಕೋಚ್ ಆಗಿದ್ದ ಮರಡೋನಾ ಟೀಕಾಕಾರರ ಮೇಲೆ ಹರಿಹಾಯ್ದರು. ಒಬ್ಬ ಪತ್ರಕರ್ತನಿಗೆ ಅವರಂದ ಮಾತು "ಲಾ ತೆನೇಸ್ ಆದೆಂತ್ರೊ", ಅಶ್ಲೀಲ ಅರ್ಥದಲ್ಲಿ "ನಿನ್ನೊಳಗೆ ಇಳಿದಿದೆ". ಫಿಫಾ ಅವರಿಗೆ ಎರಡು ತಿಂಗಳ ನಿಷೇಧ ಮತ್ತು 25,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಎಲ್‌ಟಿಎ ಅನ್ನುವ ಮೂರಕ್ಷರ ಆಮೇಲೆ ಅಭಿಮಾನಿಗಳ ಆಯುಧವಾಯಿತು. ಇದರಲ್ಲಿ ಚುಚ್ಚು ಹಾಗೇ ಇದೆ. ಸೋತವನಿಗೆ ಗೆದ್ದವನು ಹೇಳುವ ಮಾತು ಅದು, ತನಗೆ ತಾನೇ ಹೇಳಿಕೊಳ್ಳಲು ಬರುವುದಿಲ್ಲ. ಉದ್ಗಾರವಾಗಬಲ್ಲ ಬೈಗುಳ ಬೇಗ ಮೃದುವಾಗುತ್ತದೆ. ಎದುರಿಗೆ ಒಬ್ಬ ಬೇಕೇ ಬೇಕು ಅನ್ನುವ ಬೈಗುಳ ಅಕ್ಷರವಾದರೂ ಮೊನಚಾಗಿಯೇ ಇರುತ್ತದೆ. ನನ್ನ ಮಟ್ಟಿಗೆ ಈ ಇಡೀ ಗೊಂದಲದಲ್ಲಿ ಕೈಗೆ ಸಿಗುವ ನಿಯಮ ಇದೊಂದೇ.

ರಾಜಕೀಯದಲ್ಲಿ ಎರಡೂ ಬಗೆ ಕಾಣುತ್ತವೆ. ಕ್ಯೂಬಾದ ಜನ ಸೋಷಿಯಲ್ ಮೀಡಿಯಾದಲ್ಲಿ ಡಿಪಿಇಪಿಡಿಪಿಇ ಅಂತ ಬರೆಯುತ್ತಾರೆ, ಕರೆಂಟ್ ಹೋದಾಗ, ಅಂಗಡಿ ಖಾಲಿ ಇದ್ದಾಗ. ಬಿಡಿಸಿದರೆ "ಈ ಹಾಳು ದೇಶ ಹಾಳಾಗಿ ಹೋಗಿದೆ" ಅನ್ನುವ ಹತ್ತಿರದ ಅರ್ಥ. ಹಾಳು ಅಂತ ನಾನು ಬರೆದ ಜಾಗದಲ್ಲಿ ಎರಡೂ ಸಲ ಇರುವುದು ಪುರುಷಾಂಗದ ಪದ. ಜೋರಾಗಿ ಹೇಳಿದರೆ ತೊಂದರೆಯಾಗುವ ಕಡೆ ಅಕ್ಷರಗಳು ಕೆಲಸಕ್ಕೆ ಬರುತ್ತವೆ. ಅತ್ತ ಅರ್ಜೆಂಟೀನಾದಲ್ಲಿ 2023ರ ಡಿಸೆಂಬರ್ 10ರಂದು ಅಧಿಕಾರ ಹಿಡಿದ ಹಾವಿಯೆರ್ ಮಿಲೇ ಅವರ ಘೋಷಣೆ "ವಿವಾ ಲಾ ಲಿಬೆರ್ತಾದ್, ಕಾರಾಹೊ!" ಸ್ವಾತಂತ್ರ್ಯಕ್ಕೆ ಜೈ, ಜೊತೆಗೆ ಆ ಒರಟು ಪದ. ತಮ್ಮ ಪೋಸ್ಟ್‌ಗಳ ಕೊನೆಗೆ ಅವರು ವಿಎಲ್‌ಎಲ್‌ಸಿ ಅಂತ ಬರೆಯುತ್ತಾರೆ. ಅಲ್ಲಿ ಮುಚ್ಚಿಡುವ ಉದ್ದೇಶ ಚೂರೂ ಇಲ್ಲ, ಅದು ಪಕ್ಷದ ಬಾವುಟದ ಹಾಗೆ.

ಕೊನೆಗೆ, ಊರು ನೋಡದೆ ಇವನ್ನು ಬಳಸಿದರೆ ಅಪಾಯ. "ಕೋಂಚಾ" ಅಂದರೆ ಸ್ಪೇನ್‌ನಲ್ಲಿ ಚಿಪ್ಪು. ಸಾನ್ ಸೆಬಾಸ್ಟಿಯನ್ ನಗರದ ಪ್ರಸಿದ್ಧ ಕಡಲತೀರದ ಹೆಸರೂ ಅದೇ, ಕೋನ್ಸೆಪ್ಸಿಯೋನ್ ಅನ್ನುವ ಹೆಂಗಸರನ್ನು ಮುದ್ದಿಗೆ ಕರೆಯುವುದೂ ಹಾಗೇ. ಮೆಕ್ಸಿಕೊದಲ್ಲಿ ಅದು ಸಿಹಿ ಬನ್. ಅರ್ಜೆಂಟೀನಾ, ಚಿಲಿ, ಪೆರುಗಳಲ್ಲಿ ಆ ಪದವನ್ನು ಊಟದ ಮೇಜಿನಲ್ಲಿ ಆಡುವಂತಿಲ್ಲ. "ಕೊಹೆರ್" ಸ್ಪೇನ್‌ನಲ್ಲಿ ಬಸ್ ಹಿಡಿಯುವುದು, ಅರ್ಜೆಂಟೀನಾದಲ್ಲೂ ಮೆಕ್ಸಿಕೊದಲ್ಲೂ ಬಸ್ಸಿನ ಜೊತೆ ಬೇರೇನೋ ಮಾಡುವುದು. "ವೆವೋನ್" ಚಿಲಿಯಲ್ಲಿ ದೋಸ್ತ್ ಕೂಡ ಆಗಬಹುದು, ಮೆಕ್ಸಿಕೊದಲ್ಲಿ ಸೋಮಾರಿ. ಪಿಟಿಎಂ, ಅಂದರೆ "ಪುತಾ ಮಾದ್ರೆ", ಪೆರುವಿನಲ್ಲಿ ಹತಾಶೆ. ಅದೇ ಎರಡು ಪದದ ಹಿಂದೆ "ದೆ" ಸೇರಿದರೆ ಸ್ಪೇನ್‌ನಲ್ಲಿ ಮೆಚ್ಚುಗೆ. ಸ್ಪ್ಯಾನಿಷ್ ಆಡುವ ಸಹೋದ್ಯೋಗಿ ಇಂಥದ್ದೇನಾದರೂ ಟೈಪ್ ಮಾಡಿದರೆ ಮೊದಲು ಅವರು ಯಾವ ದೇಶದವರು ಅಂತ ಕೇಳಿ. ಅರ್ಥ ಆಮೇಲೆ ಕೇಳಿದರೂ ನಡೆಯುತ್ತದೆ.